ಫ್ಲ್ಯಾಶ್‌ಬ್ಯಾಕ್‌ ಬಂದಾಗ ತೆರೆ ತುಳುಕುತ್ತಿದ್ದುದು ಯಾಕೆ?

ನಾಯಕಿ ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಾಳೆ. ಕ್ಯಾಮೆರಾ ಮುಖದ ಹತ್ತಿರ ಹೋಗುತ್ತದೆ. ತೆರೆ ಕೆರೆಯ ನೀರಿನ ಹಾಗೆ ತುಳುಕುತ್ತದೆ. ಇನ್ನು ಬರುವುದು ಹಳೇ ಕಥೆ ಅಂತ ಮಕ್ಕಳಿಗೂ ಗೊತ್ತಾಗುತ್ತದೆ, ಅಲ್ವಾ? ಈ ಸನ್ನೆಯನ್ನು ಸಿನಿಮಾ ನಮಗೆ ನಿಧಾನವಾಗಿ ಕಲಿಸಿತು.

ಶುರುವಿನಲ್ಲಿ ಕನಸಿಗೆ ತೆರೆಯ ಮೇಲೇ ಒಂದು ಕಿಂಡಿ ತೆರೆಯುತ್ತಿದ್ದರು. ಅಮೆರಿಕದ ಎಡ್ವಿನ್ ಪೋರ್ಟರ್ 1903ರಲ್ಲಿ ಬೆಂಕಿ ಆರಿಸುವವರ ಬಗ್ಗೆ ಮಾಡಿದ ಕಿರುಚಿತ್ರ ನೋಡಿ. ಕೂತಲ್ಲೇ ತೂಕಡಿಸುವವನ ಪಕ್ಕದಲ್ಲಿ ಒಂದು ದುಂಡನೆಯ ಚಿತ್ರ ಮೂಡುತ್ತದೆ. ಅದರಲ್ಲಿ ತಾಯಿಯೊಬ್ಬಳು ಮಗುವನ್ನು ಮಲಗಿಸುತ್ತಿದ್ದಾಳೆ.

ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಅನ್ನು ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಅದಕ್ಕೂ ಮುಂಚೆಯೇ ಬಳಸಿದ್ದ. ಅದನ್ನು ಕ್ಯಾಮೆರಾದೊಳಗೇ ಮಾಡಬೇಕಿತ್ತು. ಶಾಟ್ ಮುಗಿಯುವಾಗ ಬೆಳಕನ್ನು ಮೆಲ್ಲಗೆ ಮುಚ್ಚಬೇಕು, ರೀಲನ್ನು ಹಿಂದಕ್ಕೆ ಸುತ್ತಬೇಕು, ಮುಂದಿನ ಶಾಟನ್ನು ಅದೇ ಜಾಗದಿಂದ ಮೆಲ್ಲಗೆ ತೆರೆಯಬೇಕು. ಲೆಕ್ಕ ತಪ್ಪಿದರೆ ಎರಡೂ ಶಾಟ್ ಹಾಳು.

ಆಮೇಲೆ ಆಪ್ಟಿಕಲ್ ಪ್ರಿಂಟರ್ ಬಂತು. ಒಂದು ಕಡೆ ಪ್ರೊಜೆಕ್ಟರ್, ಎದುರಿಗೆ ಕ್ಯಾಮೆರಾ. ಶೂಟ್ ಆದ ಫಿಲ್ಮನ್ನು ಒಂದೊಂದೇ ಫ್ರೇಮ್ ಮತ್ತೆ ಫೋಟೊ ತೆಗೆಯುವ ಕೆಲಸ. ಎರಡು ಸೆಕೆಂಡಿನ ಡಿಸಾಲ್ವ್ ಅಂದರೆ 48 ಫ್ರೇಮ್. ನಡುವೆ ಏರುಪೇರಾದ ಗಾಜನ್ನು ಆಡಿಸಿದರೆ ಚಿತ್ರ ಅಲೆಅಲೆಯಾಗುತ್ತಿತ್ತು. ತೆರೆ ತುಳುಕುತ್ತಿದ್ದುದು ಹೀಗೆ.

ಇದರಲ್ಲೊಂದು ತಮಾಷೆ ಇದೆ. ನಕಲಿನ ನಕಲಾದ್ದರಿಂದ ಆ ತುಣುಕು ಸ್ವಲ್ಪ ಮಂಕಾಗಿ, ಕಾಳುಕಾಳಾಗಿ ಕಾಣುತ್ತಿತ್ತು. ಹಳೇ ಚಿತ್ರಗಳನ್ನು ಗಮನವಿಟ್ಟು ನೋಡಿ. ಡಿಸಾಲ್ವ್ ಶುರುವಾಗುವ ಮುಂಚೆಯೇ ಚಿತ್ರದ ಹೊಳಪು ಸಣ್ಣಗೆ ಇಳಿದಿರುತ್ತದೆ. ಫ್ಲ್ಯಾಶ್‌ಬ್ಯಾಕ್ ಬರ್ತಿದೆ ಅಂತ ಅಲ್ಲೇ ಸಿಕ್ಕಿಬೀಳುತ್ತದೆ!

ಈ ಮಸುಕು ಎಲ್ಲರಿಗೂ ಇಷ್ಟವಾಗಲಿಲ್ಲ. 1945ರ ‘ಸ್ಪೆಲ್‌ಬೌಂಡ್’ನ ಕನಸಿಗೆ ನಿರ್ದೇಶಕ ಹಿಚ್‌ಕಾಕ್ ಕಲಾವಿದ ಸಾಲ್ವಡಾರ್ ಡಾಲಿಯನ್ನು ಕರೆಸಿದ್ದೇ, ಕನಸು ಚೂಪಾಗಿ, ಉದ್ದುದ್ದ ನೆರಳಿನೊಂದಿಗೆ ಕಾಣಬೇಕು ಅಂತ. 1959ರಲ್ಲಿ ಫ್ರಾನ್ಸಿನ ನಿರ್ದೇಶಕ ಅಲೆನ್ ರೆನೆ ಇನ್ನೂ ಮುಂದೆ ಹೋದ. ‘ಹಿರೋಶಿಮಾ ಮೋನ್ ಅಮೂರ್’ನಲ್ಲಿ ಮಲಗಿದ ಪ್ರಿಯಕರನ ಕೈ ಅದುರುತ್ತದೆ. ತಟ್ಟನೆ ಇನ್ನೊಂದು ಕೈ, ಸಾಯುತ್ತಿರುವ ಸೈನಿಕನದು. ಡಿಸಾಲ್ವೂ ಇಲ್ಲ, ಅಲೆಯೂ ಇಲ್ಲ. ನೆನಪು ನಿಜಕ್ಕೂ ಬರುವುದು ಹೀಗೇ ಅಂತ ನನಗನ್ನಿಸುತ್ತದೆ.

ಈಗ ಪ್ರೀಮಿಯರ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಡಿಸಾಲ್ವ್ ಅಂದರೆ ಮೌಸ್‌ನಲ್ಲಿ ಎಳೆದು ಬಿಡುವುದು, ಅಷ್ಟೇ. ಕನಸಿನ ಹೊಳಪು ಬೇಕಾದರೆ ಅದೇ ಕ್ಲಿಪ್ಪನ್ನು ಮೇಲಿನ ಟ್ರ್ಯಾಕ್‌ಗೆ ಕಾಪಿ ಮಾಡಿ, ಬ್ಲರ್ ಹಾಕಿ ಮಸುಕಾಗಿಸಿ, ಕೆಳಗಿನ ಚಿತ್ರದ ಜೊತೆ ಬೆಳಕಾಗಿ ಬೆರೆಯುವ ಸ್ಕ್ರೀನ್ ಮೋಡ್‌ಗಿಟ್ಟು, ಒಪಾಸಿಟಿ (ಅಂದರೆ ಗಾಢತೆ) ಇಳಿಸಿದರಾಯಿತು. ಸುಲಭವಾದ್ದರಿಂದಲೇ ಜಾಸ್ತಿಯಾಗುತ್ತದೆ, ಮದುವೆ ವಿಡಿಯೊಗಳೇ ಸಾಕ್ಷಿ. ನನ್ನ ಕೇಳಿದರೆ ಮೊದಲು ಸದ್ದನ್ನು ಮುಟ್ಟಬೇಕು. ಈಗಿನ ಮುಖ ತೆರೆಯ ಮೇಲಿರುವಾಗಲೇ ಹಳೇ ಶಾಲೆಯ ಗಂಟೆ ಕೇಳಿಸಿ, ಆಮೇಲೆ ಕಟ್ ಮಾಡಿ. ಎಫೆಕ್ಟೇ ಬೇಡವಾಗಬಹುದು.

ನಮ್ಮಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಸಿನಿಮಾ ಕನಸು ಯಾವುದು, ನಿಜ ಯಾವುದು ಅನ್ನುವ ಸನ್ನೆಯನ್ನು ಬಣ್ಣದಲ್ಲೇ ಮುಗಿಸಿತು. ಒಂದು ಬದುಕು ಕಲರ್, ಇನ್ನೊಂದು ಬ್ಲ್ಯಾಕ್ ಅಂಡ್ ವೈಟ್. ಬಣ್ಣ ಇಲ್ಲದ್ದು ಕನಸು ಅಂತ ನಾವೇ ತೀರ್ಮಾನಿಸಿ ಕೂರುತ್ತೇವೆ. ನಿರ್ದೇಶಕರು ಆಟ ಆಡುವುದು ಆ ಅಭ್ಯಾಸದ ಜೊತೆಗೇ. ಹೇಗೆ ಅಂತ ಬರೆದರೆ ಇನ್ನೂ ನೋಡದವರು ಬೈತಾರೆ.