ಒಂದು ಮಾರ್ಕ್ ಬೆಳ್ಳಿಗೆ ಎಷ್ಟು ಟಾಲರ್?

ಜರ್ಮನ್ ರಾಜ್ಯವಾದ ಪ್ರಷ್ಯಾದ, 19ನೇ ಶತಮಾನದ ಮೊದಲರ್ಧದ ಟಾಲರ್ (ದೊಡ್ಡ ಬೆಳ್ಳಿ ನಾಣ್ಯ) ಕೈಗೆ ಸಿಕ್ಕರೆ ರಾಜನ ಮುಖ ಬಿಡಿ, ಬರಹ ಓದಿ. ‘ಒಂದು ಮಾರ್ಕ್ ಶುದ್ಧ ಬೆಳ್ಳಿಗೆ 14’ ಅಂತ ಜರ್ಮನ್ ಭಾಷೆಯಲ್ಲಿ ಅಚ್ಚಾಗಿರುತ್ತದೆ. ಇಲ್ಲಿ ಮಾರ್ಕ್ ಅಂದರೆ ಕಲೋನ್ ನಗರದ ತೂಕ, ಸುಮಾರು 234 ಗ್ರಾಂ. ಹಳೆಯ ಜರ್ಮನ್ ನಾಣ್ಯಗಳ ಲೆಕ್ಕವೆಲ್ಲ, ಒಂದು ಮಾರ್ಕ್ ಬೆಳ್ಳಿಯಿಂದ ಎಷ್ಟು ನಾಣ್ಯ ಎಂಬ ಈ ಒಂದು ಸಂಖ್ಯೆಯಲ್ಲಿದೆ.

ಆಗ ಜರ್ಮನಿ ಒಂದೇ ದೇಶವಾಗಿರಲಿಲ್ಲ. ರಾಜರು, ಬಿಷಪ್‌ಗಳು, ನಗರಗಳು, ಎಲ್ಲರಿಗೂ ಅವರವರದೇ ಟಂಕಸಾಲೆ. 1566ರ ನಿಯಮದಲ್ಲಿ ಮಾರ್ಕಿಗೆ 9 ಟಾಲರ್. ಒಂದೊಂದರಲ್ಲೂ ಸುಮಾರು 26 ಗ್ರಾಂ ಬೆಳ್ಳಿ. ಅದು ಹಾಗೇ ಉಳಿಯಲಿಲ್ಲ. ಚಿಲ್ಲರೆ ಅಚ್ಚು ಹಾಕುವುದು ದುಬಾರಿ, ಲಾಭ ಕಡಿಮೆ. ಹಾಗಾಗಿ ಆಳುವವರು ಅದರಲ್ಲಿ ತಾಮ್ರ ಬೆರೆಸಿದರು. ಜನ ಒಳ್ಳೆಯ ಟಾಲರನ್ನು ಬಚ್ಚಿಟ್ಟು ಕಳಪೆ ಚಿಲ್ಲರೆಯನ್ನೇ ಖರ್ಚು ಮಾಡಿದರು. 1619ರಿಂದ 1623ರವರೆಗೆ ಈ ಮೋಸ ಮಿತಿಮೀರಿತು. ಕಡೆಗೆ ದುಡ್ಡಿಗೆ ಬೆಲೆಯೇ ಇಲ್ಲದಂತಾಯಿತು.

1750ರಲ್ಲಿ ಪ್ರಷ್ಯಾ ಮಾರ್ಕಿಗೆ 14 ಟಾಲರ್ ಎಂದಿತು. 1753ರಲ್ಲಿ ಆಸ್ಟ್ರಿಯಾ, ಬವೇರಿಯಾ 10 ಎಂದವು. ಹೆಸರು ಟಾಲರ್ರೇ, ಬೆಳ್ಳಿ ಮಾತ್ರ ಒಂದರಲ್ಲಿ 16.7 ಗ್ರಾಂ, ಇನ್ನೊಂದರಲ್ಲಿ 23.4 ಗ್ರಾಂ!

ಚಿಲ್ಲರೆಯ ಲೆಕ್ಕ ಇನ್ನೂ ತಲೆನೋವು. 1821ರಿಂದ ಪ್ರಷ್ಯಾದ ಟಾಲರಿಗೆ 30 ಸಿಲ್ಬರ್‌ಗ್ರೋಶನ್, ಗ್ರೋಶನ್‌ಗೆ 12 ಫೆನ್ನಿಗ್. ದಕ್ಷಿಣದಲ್ಲಿ ಅಲ್ಲಿನ ನಾಣ್ಯ ಗುಲ್ಡನ್‌ಗೆ 60 ಕ್ರೂಜರ್. ಹ್ಯಾಂಬರ್ಗ್‌ನಲ್ಲಿ ಮಾರ್ಕ್ ಎಂಬ ನಾಣ್ಯಕ್ಕೆ 16 ಶಿಲ್ಲಿಂಗ್, ಶಿಲ್ಲಿಂಗ್‌ಗೆ 12 ಫೆನ್ನಿಗ್. ನಮ್ಮ ಹಳೆಯ ಆಣೆ-ಪೈ ಲೆಕ್ಕದ ಹಾಗೇ ಅಲ್ವಾ!

ವ್ಯಾಪಾರ ಬೆಳೆದಂತೆ ರಾಜ್ಯಗಳು ಒಪ್ಪಂದಕ್ಕೆ ಬಂದವು. 1838ರ ಡ್ರೆಸ್ಡೆನ್ ಒಪ್ಪಂದದ ದೊಡ್ಡ ನಾಣ್ಯದ ಮೇಲೆ ‘2 ಟಾಲರ್’, ‘3½ ಗುಲ್ಡನ್’ ಎರಡನ್ನೂ ಅಚ್ಚು ಹಾಕಿದರು. ಅಂದರೆ 4 ಟಾಲರಿಗೆ 7 ಗುಲ್ಡನ್. ಸಲೀಸು ಅನ್ನಿಸುತ್ತದೆ, ಆದರೆ ಒಂದು ಗ್ರೋಶನ್‌ಗೆ 3½ ಕ್ರೂಜರ್ ಆಗುತ್ತಿತ್ತು. ಅಂಗಡಿಯವನ ಪಾಡು ದೇವರಿಗೇ ಗೊತ್ತು.

1857ರಲ್ಲಿ ಹಳೆಯ ಮಾರ್ಕಿನ ತೂಕ ಬಿಟ್ಟು, 500 ಗ್ರಾಂ ಬೆಳ್ಳಿಗೆ 30 ಟಾಲರ್ ಎಂದು ಗೊತ್ತುಮಾಡಿದರು. ಹಳೆಯ ಪ್ರಷ್ಯನ್ ಟಾಲರಿಗಿಂತ ಇದರಲ್ಲಿ ಬೆಳ್ಳಿ ಕಡಿಮೆಯಾಗಿದ್ದು ಕೂದಲೆಳೆಯಷ್ಟು ಮಾತ್ರ.

ಜರ್ಮನಿ ಒಂದಾದ ಮೇಲೆ, 1873ರಲ್ಲಿ, ಲೆಕ್ಕ ಚಿನ್ನಕ್ಕೆ ಬದಲಾಯಿತು. ಮಾರ್ಕ್ ಈಗ ತೂಕವಲ್ಲ, ಇಡೀ ದೇಶದ ಹಣ. ಟಾಲರನ್ನು 3 ಹೊಸ ಮಾರ್ಕ್ ಎಂದು ಒಪ್ಪಿಕೊಂಡರು. ಬೆಳ್ಳಿಯ ಬೆಲೆ ಕುಸಿಯುತ್ತಿದ್ದರೂ ಟಾಲರ್ 1907ರವರೆಗೆ ಚಲಾವಣೆಯಲ್ಲಿತ್ತು. ಮರುವರ್ಷವೇ 3 ಮಾರ್ಕಿನ ನಾಣ್ಯ ಬಂತು. ಅದರಲ್ಲಿದ್ದ ಬೆಳ್ಳಿ 15 ಗ್ರಾಂ.