ನೀರು ಒಣಗುತ್ತದೆ, ಕಿಲುಬು ಒಣಗುವುದಿಲ್ಲ

ಒದ್ದೆಯಾದ ಲ್ಯಾಪ್‌ಟಾಪ್ ರಿಪೇರಿ ಟೇಬಲ್‌ಗೆ ಬಂದಾಗ ಅದರ ಜೊತೆ ಬರುವ ಕಥೆ ಹೆಚ್ಚುಕಮ್ಮಿ ಒಂದೇ. "ಸ್ವಲ್ಪವೇ ಬಿದ್ದಿದ್ದು ಸರ್. ತಕ್ಷಣ ಒರೆಸಿದೆ, ಎರಡು ದಿನ ಫ್ಯಾನ್ ಕೆಳಗೆ ಇಟ್ಟೆ. ಚೆನ್ನಾಗೇ ಆನ್ ಆಯ್ತು. ಇಷ್ಟು ದಿನ ಕೆಲಸಾನೂ ಮಾಡ್ತು. ನಿನ್ನೆ ಇದ್ದಕ್ಕಿದ್ದಂತೆ ಸತ್ತುಹೋಯ್ತು." ಇದರಲ್ಲಿ ಸುಳ್ಳೇನೂ ಇರುವುದಿಲ್ಲ. ಒರೆಸಿದ್ದೂ ನಿಜ, ಒಣಗಿಸಿದ್ದೂ ನಿಜ. ಆದರೆ ಆ ಎರಡು ದಿನವೂ ಒಳಗೆ ಬ್ಯಾಟರಿ ಜೋಡಿಸಿಯೇ ಇತ್ತು. ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡ್ (ಮದರ್‌ಬೋರ್ಡ್) ಹಾಳಾಗಲು ಶುರುವಾಗಿದ್ದು ಆಗಲೇ.

ಇದನ್ನು ಓದುತ್ತಿರುವ ಕೆಲವರ ಲ್ಯಾಪ್‌ಟಾಪ್ ಈಗಲೇ ಒದ್ದೆಯಾಗಿ ಎದುರಿಗೆ ಕೂತಿರಬಹುದು. ಅಂಥವರು ಮುಂದಿನ ಎರಡು ಪ್ಯಾರಾ ಓದಿ ಕೆಲಸ ಮುಗಿಸಲಿ. ಕಾರಣಗಳನ್ನು ಆಮೇಲೆ ಓದಿದರೂ ನಡೆಯುತ್ತದೆ.

ಮೊದಲು ಚಾರ್ಜರ್ ಕೀಳಿ. ಪ್ಲಗ್ಗೋ ಅಡಾಪ್ಟರೋ ಒದ್ದೆಯಾಗಿದ್ದರೆ ಅದಕ್ಕೆ ಕೈ ಹಾಕಬೇಡಿ, ಗೋಡೆಯ ಸ್ವಿಚ್ ಆಫ್ ಮಾಡಿ. ಆಮೇಲೆ ಪವರ್ ಬಟನ್ ಒತ್ತಿ ಹಿಡಿಯಿರಿ. ಸ್ಕ್ರೀನ್ ಕಪ್ಪಾದ ತಕ್ಷಣ ಬಿಡಬೇಡಿ, 10 ಸೆಕೆಂಡ್ ಹಿಡಿದೇ ಇರಿ. ಫೈಲ್ ಸೇವ್ ಮಾಡ್ತೀನಿ, ನೀಟಾಗಿ ಶಟ್‌ಡೌನ್ ಮಾಡ್ತೀನಿ ಅಂತ ಕೂರಬೇಡಿ. ಸೇವ್ ಆಗದ ಒಂದು ಪುಟವನ್ನು ಮತ್ತೆ ಬರೆಯಬಹುದು. ಮುಚ್ಚಳ ಮುಚ್ಚಿದರೆ ಆಫ್ ಆಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮುಚ್ಚಿದರೆ ಅದು ಸಾಮಾನ್ಯವಾಗಿ ಸ್ಲೀಪ್‌ಗೆ ಹೋಗುತ್ತದೆ ಅಷ್ಟೇ, ಒಳಗೆ ಕರೆಂಟ್ ಓಡುತ್ತಲೇ ಇರುತ್ತದೆ. ಜೊತೆಗೆ ಕೀಬೋರ್ಡ್ ಮೇಲಿನ ನೀರು ಸ್ಕ್ರೀನಿಗೂ ಮೆತ್ತಿಕೊಳ್ಳುತ್ತದೆ. ಕೈಯಿಂದಲೇ ತೆಗೆಯಬಹುದಾದ ಬ್ಯಾಟರಿ ಇದ್ದರೆ ಈಗಲೇ ತೆಗೆಯಿರಿ. ಮೌಸ್, ಪೆನ್‌ಡ್ರೈವ್ ಎಲ್ಲ ಕಿತ್ತುಬಿಡಿ.

ಈಗ ಹತ್ತಿ ಬಟ್ಟೆಯಿಂದ ಮೇಲಿನದನ್ನು ಒತ್ತಿ ಹೀರಿಸಿ. ಉಜ್ಜಬೇಡಿ, ಉಜ್ಜಿದರೆ ಕೀಗಳ ಸಂದಿಗೆ ಇನ್ನಷ್ಟು ಇಳಿಯುತ್ತದೆ. ಸ್ಕ್ರೀನ್ ಪೂರ್ತಿ ತೆರೆದು, ಲ್ಯಾಪ್‌ಟಾಪನ್ನು ಬೋರಲು ಮಾಡಿ, ಟೇಬಲ್ ಅಂಚಿನಲ್ಲಿ ಕೀಬೋರ್ಡ್ ಕೆಳಮುಖವಾಗಿರುವಂತೆ, ಸ್ಕ್ರೀನ್ ಅಂಚಿನಾಚೆ ತೂಗುವಂತೆ ಇಡಿ. ಕೆಳಗೆ ಟವೆಲ್ ಇರಲಿ. ಅಲುಗಾಡಿಸುವುದು, ಕೊಡವುವುದು ಬೇಡ. ಒಂದು ಮೂಲೆಯಲ್ಲಿದ್ದ ನೀರನ್ನು ಬೋರ್ಡ್ ತುಂಬಾ ಹರಡಿದ ಹಾಗೆ ಆಗುತ್ತದೆ. ಥಿಂಕ್‌ಪ್ಯಾಡ್‌ನಂಥ ಕೆಲವು ಆಫೀಸ್ ಮಾದರಿಗಳಲ್ಲಿ ಕೀಬೋರ್ಡಿನ ನೀರು ಕೆಳಗಿನ ತೂತುಗಳಿಂದ ಹೊರಗೆ ಹೋಗುವ ವ್ಯವಸ್ಥೆ ಇರುತ್ತದೆ. ಅಂಥದ್ದರಲ್ಲಿ ಮೊದಲು ನೆಟ್ಟಗೆ ಎತ್ತಿ ಹಿಡಿದು ತೂತಿನಿಂದ ಸೋರಲು ಬಿಡಿ, ಬೋರಲು ಹಾಕುವುದು ಆಮೇಲೆ. ಬಿಸಿಯಾಗುತ್ತಿದ್ದರೆ, ಹೊಗೆ ಬಂದರೆ ಅಥವಾ ತಳ ಉಬ್ಬಿದ್ದರೆ ಇದ್ಯಾವುದೂ ಬೇಡ. ಬಿಟ್ಟು ದೂರ ಬನ್ನಿ.

ಇನ್ನು ಕಾರಣಕ್ಕೆ ಬರೋಣ. ಬರೀ ನೀರಿನಿಂದ ಬೋರ್ಡ್ ಸಾಯುವುದಿಲ್ಲ. ಕಾರ್ಖಾನೆಗಳಲ್ಲೇ ಎಷ್ಟೋ ಬೋರ್ಡುಗಳನ್ನು ಬೆಸುಗೆ ಆದಮೇಲೆ ನೀರಿನಲ್ಲಿ ತೊಳೆಯುತ್ತಾರೆ. ತೊಂದರೆ ಕೊಡುವುದು ನೀರು ಮತ್ತು ಕರೆಂಟ್ ಒಟ್ಟಿಗೆ ಇದ್ದಾಗ. ಶುದ್ಧ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಆದರೆ ನಲ್ಲಿ ನೀರಿನಲ್ಲಿ ಲವಣಗಳಿರುತ್ತವೆ. ಚಹಾ, ಕಾಫಿ, ಜ್ಯೂಸ್ ಅಂದರಂತೂ ಕೇಳುವುದೇ ಬೇಡ. ಹತ್ತಿರ ಹತ್ತಿರ ಇರುವ ಎರಡು ಬಿಂದುಗಳ ನಡುವೆ ಇಂಥ ಒಂದು ಹನಿ ನಿಂತು, ಒಂದರಲ್ಲಿ ವೋಲ್ಟೇಜ್ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ ಇದ್ದರೆ, ಜಾಸ್ತಿ ಇರುವ ಕಡೆಯ ಲೋಹ ಕರಗಿ ಹನಿಯೊಳಗೆ ಬರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಮಾಡಿದ ವಿದ್ಯುದ್ವಿಭಜನೆಯೇ ಇದು, ಇಲ್ಲಿ ಸಾಸಿವೆಗಿಂತ ಚಿಕ್ಕ ಜಾಗದಲ್ಲಿ ನಡೆಯುತ್ತದೆ.

ಮೈಕ್ರೋಸ್ಕೋಪ್ ಕೆಳಗೆ ಇದು ಚೆನ್ನಾಗಿ ಕಾಣುತ್ತದೆ. ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಕೆಪ್ಯಾಸಿಟರ್, ಅಂದರೆ ಸ್ವಲ್ಪ ವಿದ್ಯುತ್ ಹಿಡಿದಿಡುವ ಬಿಡಿಭಾಗ. ಅದರ ಒಂದು ತುದಿಯ ಬೆಸುಗೆ ಹೊಳೆಯುತ್ತಿರುತ್ತದೆ. ಇನ್ನೊಂದು ತುದಿ ಮಂಕಾಗಿ, ಸುತ್ತ ಬಿಳಿ ಪುಡಿ ಕಟ್ಟಿಕೊಂಡು, ಅಂಚಿನಲ್ಲಿ ಹಸಿರು ಕಿಲುಬು ಹತ್ತಿರುತ್ತದೆ. ಕೆಲವೊಮ್ಮೆ ಎರಡು ಪಿನ್‌ಗಳ ನಡುವೆ ಜರೀಗಿಡದ ಎಲೆಯಂತೆ ಕವಲೊಡೆದ ಲೋಹದ ಎಳೆ ಬೆಳೆದಿರುತ್ತದೆ. ಅದು ಆಚೆ ದಡ ಮುಟ್ಟಿದ ಕ್ಷಣ ಶಾರ್ಟ್. "ಇದ್ದಕ್ಕಿದ್ದಂತೆ ಸತ್ತುಹೋಯ್ತು" ಅನ್ನುವ ಕೇಸುಗಳಲ್ಲಿ ಅನೇಕ ಸಲ ಸಿಗುವುದು ಇದೇ. ಇನ್ನು ಕೆಲವು ಸಲ ಉಲ್ಟಾ: ಕೂದಲೆಳೆಯಂಥ ತಾಮ್ರದ ಗೆರೆ ಸವೆದು ಸವೆದು ಕಡಿದುಹೋಗಿರುತ್ತದೆ.

ಲ್ಯಾಪ್‌ಟಾಪ್ ಆಫ್ ಮಾಡಿದರೆ ಸಾಲದೇ ಅಂತ ಕೇಳಬಹುದು. ಸಾಲದು. ಆಫ್ ಆದರೂ ಬೋರ್ಡ್ ಪೂರ್ತಿ ಮಲಗುವುದಿಲ್ಲ. ಪವರ್ ಬಟನ್ ಒತ್ತಿದ್ದನ್ನು ಗಮನಿಸುವ ಒಂದು ಚಿಕ್ಕ ಚಿಪ್ ಇದೆ. ಚಾರ್ಜರ್ ಬಂತಾ ಅಂತ ನೋಡುವ ಸರ್ಕ್ಯೂಟ್ ಇದೆ. ಬ್ಯಾಟರಿಯ ಮುಖ್ಯ ಲೈನ್ ಇದೆ. ಇವಕ್ಕೆಲ್ಲ ವೋಲ್ಟೇಜ್ ಬರುತ್ತಲೇ ಇರುತ್ತದೆ. ಆಫ್ ಮಾಡಿದಾಗ ಹಾನಿಯ ವೇಗ ತಗ್ಗುತ್ತದೆ. ಬ್ಯಾಟರಿ ಕನೆಕ್ಟರ್ ಕಿತ್ತಾಗ ಮಾತ್ರ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇರುವವರಿಗೆ ನನ್ನ ಸಲಹೆ: ಅಂದೇ ತಳದ ಮುಚ್ಚಳ ಬಿಚ್ಚಿ, ಆ ಒಂದು ಕನೆಕ್ಟರ್ ಕೀಳಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಯಾವುದು ಎಲ್ಲಿಯದು ಅಂತ ಒಂದು ಕಾಗದದ ಮೇಲೆ ಅದೇ ಜಾಗದಲ್ಲಿ ಇಟ್ಟುಕೊಳ್ಳಿ. ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ, ಲೋಹದ ತುದಿಯಿಂದ ಮೀಟಬೇಡಿ. ಉಗುರು ಅಥವಾ ಪ್ಲಾಸ್ಟಿಕ್ ತುಂಡು ಸಾಕು. ಅಭ್ಯಾಸ ಇಲ್ಲದವರು ಒಣಗಿಸುತ್ತಾ ಕೂರದೆ ಅಂದೇ ರಿಪೇರಿಯವರ ಹತ್ತಿರ ಒಯ್ಯಿರಿ. ಮಾರನೆಯ ವಾರ ತಂದ ಲ್ಯಾಪ್‌ಟಾಪ್‌ಗೂ ಅದೇ ದಿನ ತಂದದ್ದಕ್ಕೂ ಕೆಲಸದಲ್ಲಿ ಅಜಗಜಾಂತರ.

ಅಕ್ಕಿ ಡಬ್ಬಿಯ ವಿಷಯ ಬೇಗ ಮುಗಿಸುತ್ತೇನೆ. ಅಕ್ಕಿ ಬೋರ್ಡ್ ಒಳಗಿನ ಪಸೆಯನ್ನು ಎಳೆದು ತರುವುದಿಲ್ಲ, ಅದರ ಪುಡಿ ಮಾತ್ರ ಪೋರ್ಟುಗಳಲ್ಲಿ ಸೇರುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಹೇರ್ ಡ್ರೈಯರ್ ಬಿಸಿಗೆ ಕೀಗಳು ಸೊಟ್ಟಗಾಗುತ್ತವೆ, ಗಾಳಿಯ ರಭಸಕ್ಕೆ ನೀರು ಚಿಪ್‌ಗಳ ಅಡಿಗೆ ನುಗ್ಗುತ್ತದೆ. ಬಿಸಿಲೂ ಬೇಡ. ತಣ್ಣನೆಯ ಫ್ಯಾನ್ ಗಾಳಿಗೆ ನನ್ನದೇನೂ ತಕರಾರಿಲ್ಲ, ಆದರೆ ಫ್ಯಾನ್ ನೀರನ್ನು ಮಾತ್ರ ಒಯ್ಯುತ್ತದೆ. ಸಕ್ಕರೆ, ಹಾಲಿನ ಜಿಡ್ಡು, ಉಪ್ಪು ಅಲ್ಲೇ ಉಳಿಯುತ್ತವೆ. ಗಾಳಿಯಲ್ಲಿ ತೇವ ಜಾಸ್ತಿಯಾದ ದಿನ ಈ ಕರೆಗಳು ಮತ್ತೆ ಪಸೆ ಹೀರಿಕೊಂಡು ಕಿಲುಬು ಮುಂದುವರಿಸುತ್ತವೆ.

ಹಾಗಾಗಿ ಏನು ಚೆಲ್ಲಿತು ಅನ್ನುವುದು ಎಷ್ಟು ಚೆಲ್ಲಿತು ಅನ್ನುವುದಕ್ಕಿಂತ ಮುಖ್ಯ. ಬರೀ ನೀರಾದರೆ ಅದೃಷ್ಟ. ಸಕ್ಕರೆ ಇಲ್ಲದ ಕಪ್ಪು ಕಾಫಿ, ಚಹಾ ಪರವಾಗಿಲ್ಲ ಅನ್ನಬಹುದು. ಹಾಲು, ಸಕ್ಕರೆ ಸೇರಿದರೆ ಅಂಟು, ಕೆಲವು ದಿನಕ್ಕೆ ವಾಸನೆ ಬೇರೆ. ಕೋಲಾದಲ್ಲಿ ಸಕ್ಕರೆಯ ಜೊತೆ ಫಾಸ್ಫಾರಿಕ್ ಆಮ್ಲವೂ ಇದೆ, ಕೋಲಾದ ಪಿಎಚ್ ಸುಮಾರು 2.5 (ಈ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ನಿಂಬೆ, ಕಿತ್ತಳೆ ಜ್ಯೂಸೂ ಹುಳಿಯೇ. ಎಲ್ಲಕ್ಕಿಂತ ಕೆಟ್ಟದ್ದು ಸಮುದ್ರದ ನೀರು. ಅದು ಬಿದ್ದ ಬೋರ್ಡ್ ಉಳಿಯುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ.

ರಿಪೇರಿಯವರ ಹತ್ತಿರ ಇದನ್ನು ಮುಚ್ಚಿಡಬೇಡಿ. "ಏನೂ ಬಿದ್ದಿಲ್ಲ, ತಾನಾಗೇ ಆಫ್ ಆಯ್ತು" ಅಂದವರ ಲ್ಯಾಪ್‌ಟಾಪ್ ತೆರೆದಾಗ ಕಾಫಿ ಕರೆ ಎದುರಿಗೇ ಕಾಣುತ್ತದೆ. ಹಲವು ಕಂಪನಿಗಳು ಒಳಗೆ ಚಿಕ್ಕ ಬಿಳಿ ಸ್ಟಿಕ್ಕರ್ ಅಂಟಿಸಿರುತ್ತವೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಮಾಮೂಲಿ ವಾರಂಟಿಯಲ್ಲಿ ನೀರಿನ ಹಾನಿ ಸೇರುವುದಿಲ್ಲ. ಬೇರೆ ದುಡ್ಡು ಕೊಟ್ಟು ಆಕಸ್ಮಿಕ ಹಾನಿಯ ರಕ್ಷಣೆ ತೆಗೆದುಕೊಂಡಿದ್ದರೆ ಮಾತ್ರ ಸೇರುತ್ತದೆ. ಹಾಗೆ ತೆಗೆದುಕೊಂಡಿರುವವರು ಹೊರಗಿನವರಿಂದ ಬಿಚ್ಚಿಸುವ ಮೊದಲು ಕಂಪನಿಗೆ ಒಂದು ಫೋನ್ ಮಾಡಿ.

ಸರಿಯಾದ ಕೆಲಸ ಅಂದರೆ ಹೀಗಿರುತ್ತದೆ. ಬ್ಯಾಟರಿ, ಫ್ಯಾನ್, ಸ್ಪೀಕರ್, ಫೈಲ್‌ಗಳು ಇರುವ ಎಸ್‌ಎಸ್‌ಡಿ ಎಲ್ಲ ಬಿಚ್ಚಿ ಬೋರ್ಡನ್ನು ಹೊರಗೆ ತೆಗೆಯಬೇಕು. ಚಿಪ್‌ಗಳ ಮೇಲಿನ ಲೋಹದ ಮುಚ್ಚಳಗಳನ್ನೂ ತೆಗೆಯಬೇಕು, ಕಿಲುಬು ಅಡಗಿ ಕೂರುವುದೇ ಅಲ್ಲಿ. ಆಮೇಲೆ ತೊಳೆಯುವುದು. ಇಲ್ಲಿ ಅನೇಕರು ನೇರವಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿಯುತ್ತಾರೆ. ಅದು ಒಳ್ಳೆಯದೇ, ಬೇಗ ಆರುತ್ತದೆ, ನೀರನ್ನು ಜೊತೆಗೆ ಒಯ್ಯುತ್ತದೆ. ಆದರೆ ಸಕ್ಕರೆ ಅದರಲ್ಲಿ ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಸಿಹಿ ಪಾನೀಯ ಬಿದ್ದಿದ್ದರೆ ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಆಮೇಲೆ ಆಲ್ಕೋಹಾಲ್ ಹಾಕಬೇಕು. ನೀರು ಬಿದ್ದು ಕೆಟ್ಟ ಬೋರ್ಡನ್ನು ಮತ್ತೆ ನೀರಿನಲ್ಲಿ ತೊಳೆಯುವುದನ್ನು ನೋಡಿ ಎದುರಿಗಿದ್ದವರು ಎದೆ ಹಿಡಿದುಕೊಳ್ಳುತ್ತಾರೆ! ಕರೆಂಟ್ ಇಲ್ಲದ ಬೋರ್ಡಿಗೆ ಅದರಿಂದ ಏನೂ ಆಗುವುದಿಲ್ಲ. ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದರೆ ಮೇಲಿನದು ಹೋಗುತ್ತದೆ. ಚಿಪ್‌ನ ಅಡಿಯದಕ್ಕೆ ಅಲ್ಟ್ರಾಸೋನಿಕ್ ತೊಟ್ಟಿ ಬೇಕು. ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸಿ, ಸಣ್ಣ ಗುಳ್ಳೆಗಳನ್ನು ಒಡೆಸಿ ಅದು ಕೊಳೆ ಬಿಡಿಸುತ್ತದೆ. ಪೂರ್ತಿ ಆರಿದ ಮೇಲೆಯೇ ಮೈಕ್ರೋಸ್ಕೋಪ್, ಮಲ್ಟಿಮೀಟರ್, ಹಾಳಾದ ಬಿಡಿಭಾಗ ಬದಲಿಸುವುದು.

ಹೊರಗಿನಿಂದ ನೋಡಿಯೇ "ಬೋರ್ಡ್ ಹೋಯ್ತು, ಹೊಸದು ಹಾಕಬೇಕು" ಅಂದರೆ ಒಪ್ಪಿಕೊಳ್ಳುವ ಮೊದಲು ಚಿಪ್ ಲೆವೆಲ್ ಕೆಲಸ, ಅಂದರೆ ಬೋರ್ಡಿನ ಬಿಡಿಭಾಗಗಳನ್ನೇ ಬದಲಿಸುವ ಕೆಲಸ ಮಾಡುವ ಇನ್ನೊಬ್ಬರನ್ನು ಕೇಳಿ. ಎಷ್ಟೋ ಸಲ ಹೋಗಿರುವುದು ಒಂದೆರಡು ಕೆಪ್ಯಾಸಿಟರ್ ಮಾತ್ರ. ಸ್ಕ್ರೀನ್ ಕನೆಕ್ಟರ್ ಸುಟ್ಟಿದ್ದರೆ ಮಾತ್ರ ನಾನೂ ಹಿಂಜರಿಯುತ್ತೇನೆ. ಅಲ್ಲಿ ಸ್ಕ್ರೀನಿಗೆ ಬೆಳಕು ಕೊಡುವ ಬ್ಯಾಕ್‌ಲೈಟ್‌ಗೆ ಹೋಗುವ ಜಾಸ್ತಿ ವೋಲ್ಟೇಜಿನ ಪಿನ್‌ಗಳೂ ಪ್ರೊಸೆಸರ್‌ನಿಂದ ಬರುವ ಸೂಕ್ಷ್ಮ ಲೈನ್‌ಗಳೂ ಒಂದೇ ಸಾಲಿನಲ್ಲಿರುತ್ತವೆ. ನಡುವೆ ಒಂದು ಹನಿ ನಿಂತರೆ ಪೆಟ್ಟು ನೇರ ಪ್ರೊಸೆಸರ್‌ಗೇ ಹೋಗಬಹುದು.

ಕೀಬೋರ್ಡ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನವುಗಳ ಒಳಗೆ ಒಂದರ ಮೇಲೊಂದು ಅಂಟಿದ ತೆಳು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಅವುಗಳ ನಡುವೆ ಸಿಹಿ ದ್ರವ ಹೊಕ್ಕರೆ ತೊಳೆದು ಸರಿಮಾಡುವುದು ಕಷ್ಟ, ಬದಲಿಸುವುದೇ ವಾಸಿ. ತಾನಾಗೇ ಅಕ್ಷರ ಒತ್ತಿಕೊಳ್ಳುತ್ತಿದ್ದರೆ ಅಥವಾ ಲ್ಯಾಪ್‌ಟಾಪ್ ತಾನಾಗೇ ಆನ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಕೀಬೋರ್ಡನ್ನೇ.

ಬಹಳ ಜನಕ್ಕೆ ಲ್ಯಾಪ್‌ಟಾಪಿಗಿಂತ ಒಳಗಿನ ಫೋಟೋ, ಫೈಲ್ ಮುಖ್ಯ. ಎಸ್‌ಎಸ್‌ಡಿ ಬೇರೆ ಕಾರ್ಡಾಗಿದ್ದರೆ ಸಮಾಧಾನ. ಸಾಮಾನ್ಯವಾಗಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪಟ್ಟಿ ಅದು. ಒಂದು ಸ್ಕ್ರೂ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಆದರೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಡೇಟಾ ಓದಲಾಗದಂತೆ ಮಾಡುವ ಎನ್‌ಕ್ರಿಪ್ಷನ್, ಆನ್ ಆಗಿದ್ದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಎನ್‌ಕ್ರಿಪ್ಷನ್ ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಗುತ್ತದೆ, ಅದರ ಪಾಸ್‌ವರ್ಡ್ ನೆನಪಿರಬೇಕು ಅಷ್ಟೇ. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ, ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ. ಅಲ್ಲಿ ಬೋರ್ಡ್ ಬದುಕಿದರಷ್ಟೇ ಡೇಟಾ. ಡೇಟಾ ಬೇಕು ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಬೋರ್ಡ್ ಬದಲಿಸಿದಾಗ ಹಳೆಯದರ ಜೊತೆ ಅದೂ ಹೋಗುತ್ತದೆ.

ತೊಳೆಸದೆಯೇ ಆನ್ ಆಗಿ ಚೆನ್ನಾಗಿ ನಡೆಯುತ್ತಿದೆ ಅನ್ನುವವರು ಇವತ್ತೇ ಬ್ಯಾಕಪ್ ತೆಗೆದುಕೊಳ್ಳಿ. ಮುಂದಿನ ದಿನಗಳಲ್ಲಿ ಚಾರ್ಜ್ ಒಮ್ಮೆ ಆಗಿ ಒಮ್ಮೆ ಆಗದಿದ್ದರೆ, ಸ್ಕ್ರೀನ್ ಮಿನುಗಿದರೆ, ಫ್ಯಾನ್ ಸುಮ್ನೆ ಜೋರಾಗಿ ತಿರುಗಿದರೆ ಒಳಗೆ ಕಿಲುಬು ಕೆಲಸ ಮಾಡುತ್ತಿದೆ ಅಂತಲೇ ತಿಳಿಯಿರಿ. ಟಚ್‌ಪ್ಯಾಡ್ ಒತ್ತಲು ಗಟ್ಟಿಯಾದರೆ ಕೆಳಗಿನ ಬ್ಯಾಟರಿ ಉಬ್ಬಿರಬಹುದು. ಅದನ್ನು ಚಾರ್ಜ್ ಹಾಕುವುದು ತಕ್ಷಣ ನಿಲ್ಲಿಸಿ.

ಕೀಬೋರ್ಡ್ ಮೇಲೆ ಹಾಕುವ ಸಿಲಿಕೋನ್ ಕವರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಣ್ಣಪುಟ್ಟ ಹನಿಗೆ ಅದು ತಡೆಯೇ. ಆದರೆ ಲೋಟ ಪೂರ್ತಿ ಉರುಳಿದರೆ ಅಂಚಿನಿಂದ ಇಳಿದೇ ಇಳಿಯುತ್ತದೆ. ಕೀಗಳ ಸಂದಿಯಿಂದ ಬಿಸಿ ಹೊರಬಿಡುವ ಮಾದರಿಗಳಲ್ಲಿ ಕವರ್ ಇದ್ದರೆ ಒಳಗೆ ಕಾವು ಜಾಸ್ತಿಯಾಗುತ್ತದೆ. ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹಾಕಿಯೇ ಮುಚ್ಚಿದರೆ ಸ್ಕ್ರೀನಿಗೆ ಒತ್ತುತ್ತದೆ, ಹಾಕುವವರು ಮುಚ್ಚುವಾಗ ತೆಗೆದಿಡಿ. ದಿನವಿಡೀ ಒಂದೇ ಮೇಜಿನಲ್ಲಿ ಕೆಲಸ ಮಾಡುವವರಿಗೆ ನಾನು ಹೇಳುವುದು ಬೇರೆ: ಲ್ಯಾಪ್‌ಟಾಪನ್ನು ಎತ್ತರದ ಸ್ಟ್ಯಾಂಡ್ ಮೇಲಿಟ್ಟು, ಕಡಿಮೆ ಬೆಲೆಯ ಒಂದು ಯುಎಸ್‌ಬಿ ಕೀಬೋರ್ಡ್ ಬಳಸಿ. ಚಹಾ ಬಿದ್ದರೆ ಅದರ ಮೇಲೆ ಬೀಳಲಿ.