ಹಬ್ಬದ ಪಾರ್ಸೆಲ್ ಸಿಕ್ಕಿಬೀಳುವುದು ಎಲ್ಲಿ? 2013ರ ಕ್ರಿಸ್‌ಮಸ್ಸೂ ಅದರ ಹಿಂದುಮುಂದೂ

2013ರ ಡಿಸೆಂಬರ್ 24ರ ಸಂಜೆ ಅಮೆರಿಕದ ಎಷ್ಟೋ ಮನೆಗಳ ಕ್ರಿಸ್‌ಮಸ್ ಮರದ ಬುಡ ಖಾಲಿಯಿತ್ತು. ದುಡ್ಡು ಕಟ್ಟಿ ಆಗಿತ್ತು, ಉಡುಗೊರೆ ಅಂಗಡಿಯಿಂದ ಹೊರಟೂ ಆಗಿತ್ತು, ಟ್ರ್ಯಾಕಿಂಗ್ ಮಾತ್ರ ಎರಡು ದಿನದಿಂದ ಅಲುಗಾಡಿರಲಿಲ್ಲ. ಮರುದಿನ ಪಾರ್ಸೆಲ್ ಸಾಗಿಸುವ ಕಂಪನಿ ಯುಪಿಎಸ್‌ಗೆ ರಜೆ. ಅಂಥದೇ ಇನ್ನೊಂದು ಕಂಪನಿ ಫೆಡೆಕ್ಸ್ ತನ್ನ ಕೆಲವು ಕೇಂದ್ರಗಳ ಬಾಗಿಲು ತೆಗೆದು, ಬಂದು ಒಯ್ಯಿರಿ ಎಂದಿತು. ಅಮೆಜಾನ್ ಸಾಗಣೆ ಶುಲ್ಕ ವಾಪಸು ಮಾಡಿ, ಮೇಲೊಂದು 20 ಡಾಲರಿನ ಗಿಫ್ಟ್ ಕಾರ್ಡ್ ಕೊಟ್ಟಿತು. ಗ್ರಾಹಕರಿಗೆ ಹಣ ಹಿಂತಿರುಗಿಸಿ ಎಂದು ಸೆನೆಟರ್ ರಿಚರ್ಡ್ ಬ್ಲೂಮೆಂತಾಲ್ ಎರಡೂ ಸಾಗಣೆ ಕಂಪನಿಗಳನ್ನು ಒತ್ತಾಯಿಸಿದರು. ಜನರ ಬೈಗುಳ ಹೆಚ್ಚಾಗಿ ಬಿದ್ದದ್ದು ಯುಪಿಎಸ್‌ನ ಕಂದು ಬಣ್ಣದ ಗಾಡಿಗಳ ಮೇಲೆ. ತಪ್ಪು ಅಲ್ಲಿ ಇರಲಿಲ್ಲವೆಂದಲ್ಲ. ಆದರೆ ಆ ಗಾಡಿಗೆ ಪಾರ್ಸೆಲ್ ಹತ್ತುವ ಮೊದಲೇ ಕೆಲಸ ಕೆಟ್ಟಿತ್ತು.

ಮೊದಲ ಪೆಟ್ಟು ಕೊಟ್ಟದ್ದು ಪಂಚಾಂಗ. ಅಮೆರಿಕದ ಹಬ್ಬದ ಖರೀದಿ ಬಿರುಸಾಗುವುದು ಥ್ಯಾಂಕ್ಸ್‌ಗಿವಿಂಗ್ ಮರುದಿನದಿಂದ. ಆ ಹಬ್ಬ ನವೆಂಬರಿನ ನಾಲ್ಕನೆಯ ಗುರುವಾರಕ್ಕೆ ಬೀಳುತ್ತದೆ. 2012ರಲ್ಲಿ ಅದು 22ಕ್ಕೆ ಬಂದಿತ್ತು, 2013ರಲ್ಲಿ 28ಕ್ಕೆ. 32 ದಿನದ ವ್ಯಾಪಾರ 26 ದಿನಕ್ಕೆ ಕುಗ್ಗಿತು. ಡಿಸೆಂಬರ್ ಮೊದಲ ವಾರ ಡಲ್ಲಾಸ್ ಸುತ್ತಮುತ್ತ ಹಿಮದ ಬಿರುಗಾಳಿ ಬಡಿದು ರಸ್ತೆ ಮುಚ್ಚಿತು, ವಿಮಾನ ನಿಂತಿತು. ಆಗ ಹಿಂದೆ ಬಿದ್ದ ಸರಕು ಪೂರ್ತಿ ತೆರವಾಗುವ ಮೊದಲೇ ಕೊನೆಯ ವಾರದ ಆರ್ಡರುಗಳು ನುಗ್ಗಿದವು. ಮಾರಾಟ ಹಿಂದುಳಿದಿದ್ದ ಅಂಗಡಿಗಳು ಕಡೆಗಳಿಗೆಯಲ್ಲಿ ರಿಯಾಯಿತಿ ಸುರಿದು, "ಇಂದು ರಾತ್ರಿಯೊಳಗೆ ಆರ್ಡರ್ ಮಾಡಿ, ಕ್ರಿಸ್‌ಮಸ್‌ಗೆ ಖಂಡಿತ" ಎನ್ನುತ್ತ 22, 23ನೇ ತಾರೀಖಿನವರೆಗೂ ಬಾಗಿಲು ತೆರೆದಿಟ್ಟಿದ್ದವು. ಯುಪಿಎಸ್ ತನ್ನ ಅತಿ ಹೆಚ್ಚು ಹೊರೆಯ ದಿನವನ್ನು ಡಿಸೆಂಬರ್ 16 ಎಂದು ಲೆಕ್ಕ ಹಾಕಿಕೊಂಡಿತ್ತು. ನಿಜಕ್ಕೂ ಆ ಹೊರೆ ಬಂದದ್ದು 23ರಂದು, 3.1 ಕೋಟಿಗೂ ಹೆಚ್ಚು ಪಾರ್ಸೆಲ್. ಹಬ್ಬದ ಋತುವಿಗೆಂದು 55,000 ತಾತ್ಕಾಲಿಕ ಕೆಲಸಗಾರರು ಸಾಕೆಂದು ಹೊರಟ ಕಂಪನಿ ಕೊನೆಗೆ 85,000 ಜನರನ್ನು ತಂದುಕೊಂಡರೂ ಸಾಲಲಿಲ್ಲ.

ಜನ ಹೆಚ್ಚಿದರೂ ಯಾಕೆ ಸಾಲಲಿಲ್ಲ ಎಂಬುದಕ್ಕೆ ಉತ್ತರ ರಾತ್ರಿಯ ಸಾರ್ಟಿಂಗ್‌ನಲ್ಲಿದೆ. ನಾಳೆಯೇ ತಲುಪಬೇಕಾದ ಪಾರ್ಸೆಲನ್ನು ಸಂಜೆ ಮಾರಾಟಗಾರನಿಂದ ಎತ್ತಿಕೊಂಡು, ಹತ್ತಿರದ ನಿಲ್ದಾಣದಿಂದ ವಿಮಾನಕ್ಕೆ ಹತ್ತಿಸುತ್ತಾರೆ. ದೇಶದ ಮೂಲೆಮೂಲೆಯಿಂದ ಹೊರಟ ವಿಮಾನಗಳು ನಡುರಾತ್ರಿಯ ಆಸುಪಾಸಿನಲ್ಲಿ ಒಂದೇ ಕಡೆ ಇಳಿಯುತ್ತವೆ: ಫೆಡೆಕ್ಸ್‌ಗೆ ಮೆಂಫಿಸ್, ಯುಪಿಎಸ್‌ಗೆ ಕೆಂಟಕಿ ರಾಜ್ಯದ ಲೂಯಿವಿಲ್. ಅಲ್ಲಿ ಇಳಿಸಿ, ಲೇಬಲ್ ಮೇಲೆ ಮಾಡಿ ಬೆಲ್ಟಿಗೆ ಹಾಕಿ, ಸ್ಕ್ಯಾನ್ ಮಾಡಿ, ಊರಿನ ಪ್ರಕಾರ ಬೇರ್ಪಡಿಸಿ, ಮತ್ತೆ ತುಂಬಿ, ಬೆಳಗಿನ ಜಾವದೊಳಗೆ ವಿಮಾನ ಎಬ್ಬಿಸಬೇಕು. ಇದಕ್ಕೆ ಸಿಗುವುದು ಹೆಚ್ಚುಕಡಿಮೆ ನಾಲ್ಕು ಗಂಟೆ. ಲೂಯಿವಿಲ್‌ನಲ್ಲಿರುವ ಯುಪಿಎಸ್‌ನ ಈ ಕೇಂದ್ರ, ಹೆಸರು ವರ್ಲ್ಡ್‌ಪೋರ್ಟ್, ಗಂಟೆಗೆ 4 ಲಕ್ಷ ಚಿಲ್ಲರೆ ಪಾರ್ಸೆಲ್ ಬೇರ್ಪಡಿಸಬಲ್ಲದು. ಅಂದರೆ ಒಂದು ರಾತ್ರಿಗೆ 16-17 ಲಕ್ಷ. ಅದಕ್ಕಿಂತ ಮೇಲೆ ಬಂದದ್ದು ನೆಲದಲ್ಲೇ ಉಳಿಯುತ್ತದೆ. ಹೀಗೆ ಉಳಿದದ್ದು ಮರುದಿನದ ಹೊಸ ಸರಕಿನ ಜೊತೆ ಸಾಲಿಗೆ ನಿಲ್ಲುತ್ತದೆ, ಅದರ ನಿಲುಗಡೆ ಜಾಗವನ್ನೂ ನುಂಗುತ್ತದೆ. ನೆಲ ತುಂಬಿದ ಮೇಲೆ ವಿಮಾನ ಖಾಲಿ ಮಾಡುವುದೇ ತಡವಾಗುತ್ತದೆ, ಆಗ ಯಂತ್ರದ ವೇಗ ಎಷ್ಟಿದ್ದರೂ ಬೆಲ್ಟಿಗೆ ಹಾಕಲು ಪಾರ್ಸೆಲ್ ಕೈಗೆ ಸಿಗುವುದಿಲ್ಲ. ಹೊಸ ಕೆಲಸಗಾರ ಲೇಬಲ್ ಕೆಳಮುಖ ಮಾಡಿ ಬೆಲ್ಟಿಗೆ ಹಾಕಿದರೆ ಆ ಪೆಟ್ಟಿಗೆ ಸ್ಕ್ಯಾನ್ ಆಗದೆ ಮತ್ತೊಂದು ಸುತ್ತು ಹೊಡೆಯುತ್ತದೆ.

ಕೊನೆಯ ಮೈಲಿಯಲ್ಲಿ, ಅಂದರೆ ಪಾರ್ಸೆಲನ್ನು ಮನೆ ಬಾಗಿಲಿಗೆ ಮುಟ್ಟಿಸುವಲ್ಲಿ, ಬೇರೆಯದೇ ಮಿತಿ ಇದೆ. ಯುಪಿಎಸ್ ಚಾಲಕ ಮಾಮೂಲಿ ದಿನ ಸುಮಾರು 120 ಕಡೆ ನಿಲ್ಲುತ್ತಾನೆ. ಹಬ್ಬದ ವಾರ ಇದು ಬಹಳ ಏರುತ್ತದೆ. ಆದರೆ ಅಮೆರಿಕದ ಕಾನೂನಿನಲ್ಲಿ ದೊಡ್ಡ ಗಾಡಿಯ ಚಾಲಕನಿಗೆ 7 ದಿನಕ್ಕೆ 60 ಗಂಟೆ, ಅಥವಾ 8 ದಿನಕ್ಕೆ 70 ಗಂಟೆ ಎಂಬ ಗಡಿ ಇದೆ. ವಾರದ ಮೊದಲ ದಿನಗಳಲ್ಲೇ ಅದನ್ನು ಖರ್ಚು ಮಾಡಿದವನಿಗೆ 24ನೇ ತಾರೀಖು ಮನಸ್ಸಿದ್ದರೂ ಗಾಡಿ ಹತ್ತಲು ಬರುವುದಿಲ್ಲ. ಬೀದಿಯ ಹೆಸರು ಗೊತ್ತಿಲ್ಲದ ತಾತ್ಕಾಲಿಕ ಚಾಲಕ ಅದೇ ದಾರಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ.

ಈ ರೋಗ ಹೊಸದಲ್ಲ. ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಶುರುಮಾಡಿದ್ದು 1913ರ ಜನವರಿ 1ರಂದು. 1966ರ ಅಕ್ಟೋಬರಿನಲ್ಲಿ ಷಿಕಾಗೊ ಅಂಚೆ ಕಚೇರಿಯಲ್ಲಿ 1 ಕೋಟಿಗೂ ಮೇಲ್ಪಟ್ಟ ಪತ್ರ, ಪಾರ್ಸೆಲ್‌ಗಳು ರಾಶಿಬಿದ್ದು ಸುಮಾರು ಮೂರು ವಾರ ಕಟ್ಟಡವೇ ನಿಂತುಹೋಯಿತು. ಕಾರಣ ಅದೇ, ನೆಲ ತುಂಬಿತ್ತು.

1975ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಅಂಚೆಯ ಮೂಲಕ ನಡೆಯುವ ಮಾರಾಟಕ್ಕೆ ನಿಯಮ ತಂದಿತು. ಹೇಳಿದ ದಿನದೊಳಗೆ, ಏನೂ ಹೇಳದಿದ್ದರೆ 30 ದಿನದೊಳಗೆ, ಸರಕು ಕಳಿಸಬೇಕು, ಆಗದಿದ್ದರೆ ತಿಳಿಸಿ, ಗ್ರಾಹಕ ಒಪ್ಪದಿದ್ದರೆ ಹಣ ವಾಪಸು ಕೊಡಬೇಕು. 1999ರ ಕ್ರಿಸ್‌ಮಸ್‌ನಲ್ಲಿ ಆಟಿಕೆ ಮಾರುವ ಟಾಯ್ಸ್‌ಆರಸ್ ಸೇರಿ ಹಲವು ಹೊಸ ಇಂಟರ್‌ನೆಟ್ ಅಂಗಡಿಗಳು ಹೇಳಿದ ಹೊತ್ತಿಗೆ ಸರಕು ಕಳಿಸಲಾಗದೆ ಸೋತಾಗ ಕೆಲಸಕ್ಕೆ ಬಂದದ್ದು ಇದೇ ನಿಯಮ. 2000ದ ಜುಲೈಯಲ್ಲಿ ಏಳು ಮಾರಾಟಗಾರರು ಒಟ್ಟು 15 ಲಕ್ಷ ಡಾಲರ್ ದಂಡ ಕಟ್ಟಿದರು. ಆದರೆ ಈ ನಿಯಮ ಕೇಳುವುದು ಸರಕು ಹೊರಟ ತಾರೀಖನ್ನು, ಮನೆ ಮುಟ್ಟಿದ ತಾರೀಖನ್ನಲ್ಲ. 1999ರಲ್ಲಿ ಸರಕು ಸಿಕ್ಕಿಬಿದ್ದದ್ದು ಗೋದಾಮಿನಲ್ಲಿ, 2013ರಲ್ಲಿ ದಾರಿಯಲ್ಲಿ. ಆ ಹೊತ್ತಿಗೆ ಗೋದಾಮುಗಳು ಚುರುಕಾಗಿದ್ದವು. 2005ರಲ್ಲಿ ಬಂದ ಅಮೆಜಾನ್ ಪ್ರೈಮ್, ವರ್ಷಕ್ಕೆ 79 ಡಾಲರಿಗೆ ಎರಡೇ ದಿನದಲ್ಲಿ ಸರಕು ತರಿಸುವ ರೂಢಿಯನ್ನು ಮಾಡಿಬಿಟ್ಟಿತ್ತು. ಮಾತು ಕೊಡುವವನು ಒಬ್ಬ, ನಡೆಸಿಕೊಡಬೇಕಾದವನು ಇನ್ನೊಬ್ಬ!

ಬುದ್ಧಿ ಕಲಿತ ಯುಪಿಎಸ್ 2014ರಲ್ಲಿ 90,000ಕ್ಕೂ ಹೆಚ್ಚು ತಾತ್ಕಾಲಿಕ ಕೆಲಸಗಾರರನ್ನು ಕರೆಯಲು ಹೊರಟಿತು. ಪಾರ್ಸೆಲ್ ಸಮಯಕ್ಕೆ ಮುಟ್ಟಿತು, ಆದರೆ ಹೊರೆ ಅಂದಾಜಿಸಿದಷ್ಟು ಬರದ ದಿನಗಳಲ್ಲಿ ಜನ, ಗಾಡಿ ಖಾಲಿ ಕೂತವು. ಲೆಕ್ಕ ಮೀರಿದ ಖರ್ಚು ಸುಮಾರು 20 ಕೋಟಿ ಡಾಲರ್. ವರ್ಷಕ್ಕೆ ಮೂರು ನಾಲ್ಕು ವಾರಕ್ಕಾಗಿ ಕಟ್ಟಿದ ಸಾಮರ್ಥ್ಯ ಉಳಿದ ನಲವತ್ತೆಂಟು ವಾರ ಬಾಡಿಗೆ ತಿನ್ನುತ್ತದೆ. ಸಾಗಣೆ ಕಂಪನಿಗಳು ಹಬ್ಬಕ್ಕೆ ಪೂರ್ತಿ ಸಜ್ಜಾಗುವುದಿಲ್ಲ ಎಂದು ರೇಗುವವರು ಈ ಅಂಕಿ ನೋಡಬೇಕು. 2017ರಿಂದ ಯುಪಿಎಸ್ ದಾರಿ ಬದಲಿಸಿತು. ಹಬ್ಬದ ವಾರಗಳಲ್ಲಿ ಮನೆಗೆ ಹೋಗುವ ಸಾಮಾನ್ಯ ಪಾರ್ಸೆಲ್‌ಗೆ 27 ಸೆಂಟಿನಿಂದ ಶುರುವಾಗುವ ಹೆಚ್ಚುವರಿ ಶುಲ್ಕ ಹಾಕಿತು. 2020ರ ಕೋವಿಡ್ ಹಬ್ಬದಲ್ಲಂತೂ ಬಟ್ಟೆ, ಬೂಟು ಮಾರುವ ಗ್ಯಾಪ್, ನೈಕಿಯಂಥ ದೊಡ್ಡ ಗ್ರಾಹಕರಿಗೂ ನಿಮ್ಮ ಪಾಲು ಮುಗಿಯಿತು ಎಂದು ಪಾರ್ಸೆಲ್ ಎತ್ತುವುದನ್ನೇ ತಡೆಹಿಡಿಯಿತು. ಇತ್ತ ಅಮೆಜಾನ್ ಬಾಡಿಗೆ ವಿಮಾನ, ಗುತ್ತಿಗೆ ವ್ಯಾನುಗಳ ತನ್ನದೇ ಜಾಲ ಕಟ್ಟಿಕೊಂಡಿತು. 2019ರಲ್ಲಿ ಫೆಡೆಕ್ಸ್ ತಾನೇ ಅಮೆಜಾನ್‌ನ ಕೆಲಸ ಬಿಟ್ಟಿತು.

ಕಾಯುವವರು ಟ್ರ್ಯಾಕಿಂಗ್ ಓದುವುದನ್ನು ಕಲಿತರೆ ಅರ್ಧ ಗೊಂದಲ ತಪ್ಪುತ್ತದೆ. "ಲೇಬಲ್ ಕ್ರಿಯೇಟೆಡ್" ಎಂದರೆ ಚೀಟಿ ಅಚ್ಚಾಗಿದೆ ಅಷ್ಟೇ, ಪೆಟ್ಟಿಗೆ ಇನ್ನೂ ಮಾರಾಟಗಾರನ ಬಳಿಯೇ ಇರಬಹುದು. ಅಲ್ಲಿ ಎರಡು ದಿನ ನಿಂತರೆ ಫೋನ್ ಮಾಡಬೇಕಾದದ್ದು ಅಂಗಡಿಗೆ. ಮೊದಲ ಪಿಕಪ್ ಸ್ಕ್ಯಾನ್ ಆದ ಮೇಲೆ ಒಂದೇ ಕೇಂದ್ರದ ಹೆಸರು ಎರಡು ಮೂರು ಸಲ ಬಂದರೆ ಅದು ನೆಲದಲ್ಲಿ ಉಳಿದಿದೆ, ಇಲ್ಲವೇ ತಪ್ಪು ಟ್ರೇಲರ್ ಹತ್ತಿ ವಾಪಸಾಗಿದೆ. ಸಾಗಣೆ ಕಂಪನಿ ತಂದು ಕೊನೆಗೆ ಅಂಚೆಯವರ ಕೈಗೆ ಕೊಡುವ ಅಗ್ಗದ ಸೇವೆಯಾದರೆ ಆ ಕೈಬದಲಾವಣೆಗೇ ಒಂದು ದಿನ ಹೆಚ್ಚು ಹಿಡಿಯಿರಿ. ತಡವಾದರೆ ಹಣ ವಾಪಸು ಎಂಬ ಖಾತರಿ ಇರುವಲ್ಲೂ ಅದು ಸೇರುವುದು ಸಾಗಣೆಗೆ ಹಣ ಕಟ್ಟಿದವನಿಗೆ, ಅಂದರೆ ಮಾರಾಟಗಾರನಿಗೆ. ಪೆಟ್ಟಿಗೆಗಾಗಿ ಕಾದವನ ಜೊತೆ ಸಾಗಣೆ ಕಂಪನಿಗೆ ಒಪ್ಪಂದವೇ ಇಲ್ಲ. 2020ರ ಮಾರ್ಚಿನಲ್ಲಿ ಯುಪಿಎಸ್, ಫೆಡೆಕ್ಸ್ ಎರಡೂ ಆ ಖಾತರಿಯನ್ನೇ ಅಮಾನತಿನಲ್ಲಿಟ್ಟವು.

ನಮ್ಮ ಕಡೆ ಈ ಗಣಿತಕ್ಕೆ ದಸರಾ, ದೀಪಾವಳಿಯ ತಿಥಿಗಳು ಸೇರುತ್ತವೆ. ತಾರೀಖು ವರ್ಷವರ್ಷ ಹಿಂದೆ ಮುಂದೆ ಸರಿಯುವುದರಿಂದ ಹೋದ ವರ್ಷದ ಲೆಕ್ಕ ಹಾಗೆಯೇ ನಡೆಯುವುದಿಲ್ಲ. ಆಯುಧಪೂಜೆಯ ದಿನ ಗಾಡಿಗಳು ತೊಳೆಸಿಕೊಂಡು, ಬೂದುಗುಂಬಳ ಒಡೆಸಿಕೊಂಡು ಪೂಜೆಗೆ ನಿಂತಿರುತ್ತವೆ, ಡೆಲಿವರಿ ಹುಡುಗರು ಊರಿಗೆ ಹೋಗಿರುತ್ತಾರೆ. ಸರಕು ಬರದೆ "ಗ್ರಾಹಕರು ಸಿಗಲಿಲ್ಲ" ಎಂಬ ಸಂದೇಶ ಬಂದರೆ ಆ ಹೊತ್ತಿನ ಸ್ಕ್ರೀನ್‌ಶಾಟ್, ಬಂದ ಕರೆಗಳ ಪಟ್ಟಿ ಇಟ್ಟುಕೊಂಡು ಮೊದಲು ಮಾರಾಟ ತಾಣದ ದೂರು ಅಧಿಕಾರಿಗೆ ಬರೆಯಬೇಕು. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ತಿಂಗಳು ತುಂಬುವಷ್ಟರಲ್ಲಿ ದೀಪಾವಳಿ ಹೋಗಿ ತುಳಸಿ ಹಬ್ಬವೂ ಮುಗಿದಿರುತ್ತದೆ.